ತಾರೀಖಮ್ಮನ ಜೋಡಿಗಳು

ತಾರೀಖಮ್ಮನವರ ಕಥೆ ಶುರುವಾದ ದಿನ, ಆಕೆ ಮುಚ್ಚಿದ ಬಾಗಿಲೊಂದರ ಮುಂದೆ ತಲೆತಗ್ಗಿಸಿ ನಿಂತು, ಇಸ್ತ್ರಿ ಅಂಗಡಿಯ ಮುದುಕರೊಬ್ಬರಿಂದ ಬೈಸಿಕೊಳ್ಳುತ್ತಿದ್ದರು. ಆ ಹೆಸರು ಆಗಿನ್ನೂ ಬಂದಿರಲಿಲ್ಲ. ಕಾನೂನು ಕಾಲೇಜಿನ ಗುಮಾಸ್ತೆ ಆಕೆ. ವಿದ್ಯಾರ್ಥಿಗಳು ಬಡವರ ಅಹವಾಲು ಕೇಳಿ ಪುಕ್ಕಟೆಯಾಗಿ ಅರ್ಜಿ ಬರೆದುಕೊಡುತ್ತಿದ್ದ ಹಿಂಬದಿಯ ಕೋಣೆಯ ಕಡತ, ಕಪಾಟು, ಬೀಗದ ಕೈ ಎಲ್ಲವೂ ಅವರ ಸುಪರ್ದಿಯಲ್ಲಿದ್ದವು. ಬಾಗಿಲ ಮೇಲೆ 'ಉಚಿತ ಕಾನೂನು ನೆರವು' ಎಂಬ ಹಲಗೆ; ಅದರ ಕೆಳಗೆ 'ಪರೀಕ್ಷಾ ರಜೆ' ಎಂಬ ಚೀಟಿ.

ನಡೆದದ್ದಿಷ್ಟು. ಅಂಗಡಿ ಬಿಡಬೇಕೆಂದು ಮುದುಕರ ಮೇಲೆ ದಾವೆ ಬಿದ್ದಿತ್ತು. ಅದಕ್ಕೆ ಉತ್ತರವನ್ನು ಕಾಲೇಜಿನ ಮಕ್ಕಳು ಸೊಗಸಾಗಿಯೇ ಬರೆದಿದ್ದರು. ಆದರೆ ಅದನ್ನು ಸಲ್ಲಿಸುವ ದಿನ ಪರೀಕ್ಷೆಯ ವಾರದಲ್ಲಿ ಬಂತು. ಕಾಲೇಜಿಗೆ ರಜೆಯೆಂದರೆ ಲೋಕಕ್ಕೆಲ್ಲ ರಜೆ ಎಂಬಂತೆ ಎಲ್ಲರೂ ಓದಲು ಹೊರಟುಹೋದರು. ಉತ್ತರ ಕಪಾಟಿನಲ್ಲಿ ಬೆಚ್ಚಗೆ ಮಲಗಿತು; ನ್ಯಾಯಾಲಯ ಎದುರು ಪಕ್ಷದ ಮಾತನ್ನಷ್ಟೇ ಕೇಳಿತು; ಅಂಗಡಿಗೆ ಬೀಗ ಬಿತ್ತು.

"ನಿಮ್ಮ ಮಕ್ಕಳು ಪಾಸಾಗ್ತಾರೆ ಬಿಡಮ್ಮ," ಎಂದರು ಮುದುಕರು. "ನಾನು ಫೇಲಾದೆ."

ಪ್ರಾಂಶುಪಾಲರು ಕೋಣೆಯನ್ನೇ ಮುಚ್ಚಿಬಿಡೋಣ ಎಂದರು. ಪ್ರತಿವರ್ಷ ಉತ್ಸಾಹದಿಂದ ಹುಟ್ಟಿ ಪರೀಕ್ಷೆ ಬಂದೊಡನೆ ಸಾಯುವ ಕೆಲಸ ಯಾರಿಗೆ ಬೇಕು ಎಂಬುದು ಅವರ ವಾದ.

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋದು ಬೇಡ ಸರ್," ಎಂದರು ಈಕೆ. "ಇನ್ನೊಂದು ಪರೀಕ್ಷೆ ಮುಗಿಯೋವರೆಗೆ ಬಿಡಿ. ಒಂದು ತಾರೀಖು ತಪ್ಪಿದ್ರೂ ಕೀಲಿಕೈ ನಿಮ್ಮ ಮೇಜಿನ ಮೇಲಿಡ್ತೀನಿ."

ಉಪಾಯ ಹೊಳೆದದ್ದು ಸ್ವಂತ ಮನೆಯಿಂದಲೇ. ಹಾಸಿಗೆ ಹಿಡಿದ ಅತ್ತೆಯನ್ನು ಆಕೆಯೂ ಓರಗಿತ್ತಿಯೂ ಸರದಿಯ ಮೇಲೆ ನೋಡಿಕೊಂಡಿದ್ದರು. ಯಾವ ಮಾತ್ರೆ ಯಾವ ಹೊತ್ತಿಗೆ ಎಂಬುದನ್ನು ಹೊರಡುವವಳು ಅತ್ತೆಯ ಎದುರಿನಲ್ಲೇ ಬಂದವಳಿಗೆ ಹೇಳಬೇಕು. ತಪ್ಪಿದರೆ ಅತ್ತೆಯೇ ತಿದ್ದುತ್ತಿದ್ದರು. ಕೋಣೆಗೂ ಅದೇ ಕಟ್ಟಳೆ ಬಂತು. ಪ್ರತಿ ಕಡತಕ್ಕೂ ಕೊನೆಯ ವರ್ಷದವರೊಬ್ಬರು, ಮೊದಲ ವರ್ಷದವರೊಬ್ಬರು. ಇಬ್ಬರ ಪರೀಕ್ಷೆಯೂ ಒಂದೇ ದಿನ ಇರಕೂಡದು. ಕಡತ ಕೈ ಬದಲಿಸುವುದು ಕಕ್ಷಿದಾರರ ಎದುರಿನಲ್ಲೇ.

"ನಮ್ಮನ್ನ ಓರಗಿತ್ತಿಯರನ್ನಾಗಿ ಮಾಡ್ಬಿಟ್ರಲ್ಲಮ್ಮ," ಎಂದು ಒಬ್ಬ ಅಣಕಿಸಿದ.

"ಜಗಳ ಆಡದೆ ಇದ್ರೆ ಸಾಕಪ್ಪ."

ಆಮೇಲೆ ಆಕೆ ಮುದುಕರನ್ನು ಹುಡುಕಿಕೊಂಡು ಹೋದರು. ಅವರು ಯಾರದೋ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಇಸ್ತ್ರಿ ಮಾಡುತ್ತಿದ್ದರು. ಮೂರು ಸಲ ಹೋದ ಮೇಲೆ ಮತ್ತೆ ಮೊಕದ್ದಮೆ ನಡೆಸಲು ಒಪ್ಪಿದರು. ಕಾಲೇಜಿನ ಹಳೆಯ ವಿದ್ಯಾರ್ಥಿನಿ, ಈಗ ವಕೀಲೆ, ಅಂಗಡಿಗೆ ಬೀಗ ಹಾಕಿಸಿದ ಆದೇಶವನ್ನು ರದ್ದು ಮಾಡಿಸಲು ಅರ್ಜಿ ಹಾಕಿದರು. ವಿಚಾರಣೆ ಬಂದದ್ದು ಮತ್ತೆ ಪರೀಕ್ಷೆಯ ವಾರದಲ್ಲೇ.

ಕೊನೆಯ ವರ್ಷದ ಹುಡುಗಿ ಕಡತವನ್ನು ಮುದುಕರ ಎದುರಿನಲ್ಲಿ ಮೊದಲ ವರ್ಷದ ಚಿಕ್ಕವಳಿಗೆ ಒಪ್ಪಿಸುತ್ತ, ಹನ್ನೆರಡನೇ ತಾರೀಖು ಎಂದಳು. ಕಡತದ ಮೇಲೆಯೂ ಹಾಗೆಯೇ ಬರೆದಿದ್ದಳು.

"ಹನ್ನೊಂದಲ್ವೇನಮ್ಮ?" ಎಂದರು ಮುದುಕರು ಮೆಲ್ಲಗೆ.

ವಕೀಲೆಗೆ ಫೋನು ಹೋಯಿತು. ಹನ್ನೊಂದೇ ಸರಿ; ಹನ್ನೆರಡು ಆ ಹುಡುಗಿಯ ಪರೀಕ್ಷೆಯ ದಿನ. ತಲೆಯ ತುಂಬ ಅದೇ ಇದ್ದುದರಿಂದ ಕೈ ಅದನ್ನೇ ಬರೆದಿತ್ತು. ಅವಳು ಅಳತೊಡಗಿದಾಗ ಮುದುಕರೇ ಸಮಾಧಾನ ಮಾಡಿದರು.

ಹನ್ನೊಂದರಂದು ಚಿಕ್ಕವಳು ಕಡತವನ್ನು ಎದೆಗವಚಿಕೊಂಡು ಮುದುಕರೊಡನೆ ಹೋಗಿ ವಕೀಲೆಯ ಪಕ್ಕದಲ್ಲಿ ನಿಂತಳು. ಹಳೆಯ ಆದೇಶ ರದ್ದಾಯಿತು. ಮೊಕದ್ದಮೆ ಮುಗಿಯಲು ಆಮೇಲೂ ಎರಡು ವರ್ಷ ಹಿಡಿಯಿತು. ಆದರೆ ಅಂಗಡಿಯ ಬೀಗ ಆ ತಿಂಗಳೇ ತೆರೆಯಿತು. ಪ್ರಾಂಶುಪಾಲರು ಹೊಗಳಲಿಲ್ಲ, ಕೀಲಿಕೈಯನ್ನೂ ಕೇಳಲಿಲ್ಲ. ಯಾರೇ ಕೋಣೆಗೆ ಬಂದರೂ "ಮೊದಲು ತಾರೀಖು ಹೇಳಿ" ಎನ್ನುತ್ತಿದ್ದ ಗುಮಾಸ್ತೆಗೆ ಮಕ್ಕಳು ತಾರೀಖಮ್ಮ ಎಂದು ಹೆಸರಿಟ್ಟರು.

ಈಗ ಆಕೆ ನಿವೃತ್ತರು. ಬೇರೆ ಕಾಲೇಜುಗಳು ಕರೆದರೆ ಹೋಗಿ ಜೋಡಿಗಳನ್ನು ಕಟ್ಟಿಕೊಟ್ಟು ಬರುತ್ತಾರೆ. ಜೊತೆಗೆ ಓರಗಿತ್ತಿಯೂ ಇರುತ್ತಾರೆ. ಅಭ್ಯಾಸಕ್ಕೆ ಕೂರುವಾಗ ಕಕ್ಷಿದಾರರ ಕುರ್ಚಿ ಓರಗಿತ್ತಿಯದು. ಅವರಿಗೆ ಈಗ ಕಿವಿ ಮಂದ. ಹೊಸ ಜೋಡಿಗಳು ಅವರ ಎದುರು ಕುಳಿತು, ಅವರು ತಲೆಯಾಡಿಸುವವರೆಗೂ, ತಾರೀಖನ್ನು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಬೇಕು.