ವೇಷದಕ್ಕನ ಕುದುರೆಗೆ ಹಿಂಗಾಲು ಬೇಕಾಗಿದೆ

ಬೆಳಗಿನ ಐದೂವರೆ. ಹಾಲಿನಂಗಡಿಯ ಮುಂದೆ ಬದನೆಕಾಯಿಯೊಂದು ನಿಂತಿದೆ. ಆಳೆತ್ತರದ ಬದನೆಕಾಯಿ. ಮೈಯೆಲ್ಲ ಮಿರಮಿರ ಮಿಂಚುವ ನೇರಳೆ, ತಲೆಯ ಮೇಲೆ ಹಸಿರು ತೊಟ್ಟು, ಕೆಳಗೆ ಸವೆದ ಹವಾಯಿ ಚಪ್ಪಲಿ ಹಾಕಿದ ಎರಡು ಕಾಲು. "ಒಂದು ಲೀಟರ್ ಕೊಡಪ್ಪಾ" ಎನ್ನುತ್ತದೆ ಬದನೆಕಾಯಿ. ಅಂಗಡಿಯವನು ಕಣ್ಣು ಸಹ ಪಿಳುಕಿಸುವುದಿಲ್ಲ. "ನಿನ್ನೆ ಆಮೆ ಆಗಿದ್ರಲ್ಲಕ್ಕ, ಅದಕ್ಕೆ ಬಗ್ಗೋಕೇ ಆಗ್ತಿರ್ಲಿಲ್ಲ. ಇದು ಪರವಾಗಿಲ್ಲ" ಎಂದು ತನ್ನ ಅಭಿಪ್ರಾಯ ಹೇಳಿ ಎರಡು ಪ್ಯಾಕೆಟ್ ಮುಂದಿಡುತ್ತಾನೆ.

ಬದನೆಕಾಯಿ ಒಂದು ಕೈಯಲ್ಲಿ ಹಾಲು ಹಿಡಿದು, ಇನ್ನೊಂದು ಕೈಯಲ್ಲಿ ಮೂಗು ತುರಿಸಿಕೊಳ್ಳುತ್ತದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಮೂರು ಸಲ ಕೂತು ಏಳುತ್ತದೆ. ಆಮೇಲೆ ಎದುರಿನ ಮಹಡಿಯ ಹನ್ನೊಂದು ಮೆಟ್ಟಿಲು ಹತ್ತಿ, ಇಳಿದು, ಏದುಸಿರು ಬಿಡುತ್ತ ಮನೆ ಕಡೆ ಹೊರಡುತ್ತದೆ. ಈ ಬೀದಿಗೆ ಹೊಸದಾಗಿ ಬಂದವರು ಮೊದಲ ದಿನ ಎದೆ ಧಸಕ್ಕೆಂದು ನಿಲ್ಲುತ್ತಾರೆ, ವಾರ ಕಳೆಯುವಷ್ಟರಲ್ಲಿ ಅವರೂ "ಇವತ್ತೇನಕ್ಕಾ, ತರಕಾರೀನಾ?" ಎಂದು ಕೇಳುವ ಹಂತಕ್ಕೆ ಬಂದಿರುತ್ತಾರೆ.

ಇವರೇ ವೇಷದಕ್ಕ. ಮನೆಯವರಿಟ್ಟ ಹೆಸರು ಬೇರೆ ಇದೆ, ಆದರೆ ಅದು ಈಗ ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ. ವಯಸ್ಸು ಐವತ್ತೆರಡು. ಶಾಲೆಗಳು, ಕಚೇರಿಗಳು, ಕಾರ್ಖಾನೆಗಳು, ಹುಟ್ಟುಹಬ್ಬದ ಮನೆಗಳು, ಎಲ್ಲಿ ಯಾರಿಗೆ ಯಾವ ನೆಪಕ್ಕೆ ಏನಾಗಬೇಕು ಅನ್ನಿಸಿದರೂ ಇವರ ಬಾಗಿಲು ತಟ್ಟುತ್ತಾರೆ. ತಾವು ಹೊಲಿದ ಪ್ರತಿ ವೇಷವನ್ನೂ ಮೊದಲು ತಾವೇ ತೊಟ್ಟು ಹಾಲು ತರುವುದು ಇವರ ಕಟ್ಟುನಿಟ್ಟಿನ ಪದ್ಧತಿ. ಹಾಲಿನಂಗಡಿಗೆ ಹೋಗಿಬಾರದ ವೇಷ ಗಿರಾಕಿಯ ಕೈ ಸೇರುವುದಿಲ್ಲ.

"ನೋಡೋಕೆ ಚೆನ್ನಾಗಿದ್ರೆ ಸಾಕಾ? ಒಳಗಿರೋರೂ ಮನುಷ್ಯರಲ್ವಾ?" ಎಂದು ಕೇಳುತ್ತಾರೆ ವೇಷದಕ್ಕ, ತೊಟ್ಟನ್ನು ಕಳಚಿ ಮೊಳೆಗೆ ನೇತುಹಾಕುತ್ತ. "ಕೂರೋಕಾಗ್ಬೇಕು, ಮೆಟ್ಲು ಹತ್ತೋಕಾಗ್ಬೇಕು, ಮೂಗು ತುರಿಸ್ಕೊಳ್ಳೋಕಾಗ್ಬೇಕು. ಬಾತ್‌ರೂಮಿಗೆ ಹೋಗೋಕಂತೂ ಆಗ್ಲೇಬೇಕು. ಅದಾಗ್ಲಿಲ್ಲ ಅಂದ್ರೆ ಅದು ವೇಷ ಅಲ್ಲ ಸ್ವಾಮೀ, ಶಿಕ್ಷೆ!"

ಮನೆಯ ಮುಂದಿನ ಕೋಣೆಯೇ ಅಂಗಡಿ. ಒಳಗೆ ಕಾಲಿಟ್ಟರೆ ಸಿಂಹದ ಬಾಲ ತಲೆಗೆ ತಾಗುತ್ತದೆ, ತಪ್ಪಿಸಿಕೊಳ್ಳಲು ಹೋದರೆ ಮೊಸಳೆಯ ಬಾಯಿಗೆ ಮೊಣಕೈ ಸಿಕ್ಕಿಕೊಳ್ಳುತ್ತದೆ. ಕಬ್ಬಿಣದ ಕೊಳವೆಗಳಿಗೆ ನೇತುಬಿದ್ದಿರುವ ವೇಷಗಳು ಒಟ್ಟು ಇನ್ನೂರ ಹದಿನಾಲ್ಕು. ವಾರಕ್ಕೆ ನಲವತ್ತು ಹೋಗಿ ಬರುತ್ತವೆ, ಬಂದ ನಲವತ್ತನ್ನೂ ಒಗೆದು ಒಣಗಿಸಬೇಕು. ಹಿತ್ತಲಿನ ತಂತಿಯ ಮೇಲೆ ಕರಡಿಗಳು ಕಿವಿಗೆ ಕ್ಲಿಪ್ಪು ಹಾಕಿಸಿಕೊಂಡು ನೇತಾಡುವುದನ್ನು ನೋಡಿದರೆ ಎಂಥ ಸಿಡುಕರಿಗೂ ನಗು ಬರುತ್ತದೆ. ವೇಷದಕ್ಕನ ಗಂಡ ಎಲೆಕ್ಟ್ರಿಷಿಯನ್. ಸಿಂಹದ ತಲೆಯೊಳಗೆ ಅಂಗೈಯಗಲದ ಫ್ಯಾನ್ ಕೂರಿಸಿಕೊಟ್ಟವರು ಅವರೇ.

ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದ ರಜೆಗಳಿಗಿಂತ ಇವರ ಪೆನ್ಸಿಲ್ ಗುರುತುಗಳೇ ಹೆಚ್ಚು. ಒಂದು ಶಾಲೆಯಲ್ಲಿ ತರಕಾರಿ ದಿನ, ಇನ್ನೊಂದರಲ್ಲಿ ಉಲ್ಟಾ ಬಟ್ಟೆ ದಿನ. ಲೆಕ್ಕಪತ್ರದ ಕಚೇರಿಯೊಂದರಲ್ಲಿ ಜೋಡಿಯಿಲ್ಲದ ಕಾಲುಚೀಲದ ದಿನ, ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಟೋಪಿ ದಿನ, ಹಲ್ಲಿನ ಡಾಕ್ಟರ ಮನೆಯಲ್ಲಿ ಕಡಲ್ಗಳ್ಳರ ಪಾರ್ಟಿ. "ಮೊದಮೊದಲು ನಂಗೂ ನಗು ಬರ್ತಿತ್ತು. ಇಷ್ಟು ದೊಡ್ಡೋರು, ಮೀಸೆ ಬಂದೋರು, ಮೊಲ ಆಗ್ಬೇಕು ಅಂತಾರಲ್ಲ ಅಂತ. ಈಗ ಅರ್ಥ ಆಗಿದೆ. ವರ್ಷವೆಲ್ಲ ತಾವು ತಾವಾಗೇ ಇದ್ದು ಸಾಕಾಗಿರುತ್ತೆ ಪಾಪ, ಒಂದಿನ ಮೊಲ ಆದ್ರೆ ಯಾರ ಗಂಟು ಹೋಗುತ್ತೆ?"

ಈ ಕೆಲಸಕ್ಕೆ ಬರುವ ಮೊದಲು ವೇಷದಕ್ಕ ಶಾಲಾ ಸಮವಸ್ತ್ರದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದವರು. ಹನ್ನೊಂದು ವರ್ಷವೂ ಹೊಲಿದದ್ದು ಒಂದೇ, ಅಂಗಿಯ ಎಡಗಡೆಯ ಜೇಬು. ಪಕ್ಕದ ಮೇಜಿನಲ್ಲಿ ಅವರ ತಂಗಿ ಕಾಲರ್ ಹೊಲಿಯುತ್ತಿದ್ದರು. ದಿನಾ ಬೆಳಿಗ್ಗೆ ಇಬ್ಬರೂ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಲವತ್ತು ನಿಮಿಷ ನಡೆದು ಕಾರ್ಖಾನೆ ಸೇರುತ್ತಿದ್ದರು. ಒಂದು ದಿನ ಗೇಟಿಗೆ ಬೀಗ ಬಿತ್ತು. ಅಕ್ಕತಂಗಿಯರು ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. ತಂಗಿಯ ಮಗಳು ಶಾಲೆಯ ನಾಟಕದಲ್ಲಿ ಅಣಬೆಯಾಗಬೇಕಿತ್ತು, ಹಳೆಯ ಪರದೆ ಕತ್ತರಿಸಿ ಅಣಬೆ ಮಾಡಿದರು. ಆ ಅಣಬೆಯನ್ನು ನೋಡಿದ ಇನ್ನೊಬ್ಬ ತಾಯಿ ಕೋಳಿ ಕೇಳಿದಳು. ಕೋಳಿ ನೋಡಿದವರು ಗಡಿಯಾರ ಕೇಳಿದರು. ಹೀಗೆ ಶುರುವಾಯಿತು.

ಒಂಬತ್ತು ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಬಂತು ಕುದುರೆ.

ಬಿಸ್ಕತ್ತಿನ ಕಾರ್ಖಾನೆಯೊಂದರ ವಾರ್ಷಿಕೋತ್ಸವಕ್ಕೆ ಇಬ್ಬರು ಸೇರಿ ತೊಡುವ ಕುದುರೆ ಬೇಕಿತ್ತು. ಒಬ್ಬರು ತಲೆ ಮತ್ತು ಮುಂಗಾಲು, ಇನ್ನೊಬ್ಬರು ಬೆನ್ನು ಬಗ್ಗಿಸಿ, ಮುಂದಿನವರ ಸೊಂಟ ಹಿಡಿದು ಹಿಂಗಾಲು. ಕೈಯಲ್ಲಿ ಹದಿನೆಂಟು ಬೇರೆ ವೇಷಗಳಿದ್ದವು, ಸಮಯ ಕಮ್ಮಿ. ಅಕ್ಕ ತನ್ನ ಮನೆಯಲ್ಲಿ ಅರ್ಧ, ತಂಗಿ ತನ್ನ ಮನೆಯಲ್ಲಿ ಅರ್ಧ ಹೊಲಿಯುವುದೆಂದು ಮಾತಾಯಿತು. ಯಾರು ಯಾವ ಅರ್ಧ ಎಂದು ಮಾತ್ರ ಇಬ್ಬರೂ ಬಾಯಿ ಬಿಡಲಿಲ್ಲ. ಹೊಲಿದದ್ದನ್ನು ಮೂಟೆ ಕಟ್ಟಿ ಅವರವರ ಮನೆಯಿಂದ ನೇರವಾಗಿ ಕಳಿಸಿದರು. ಅದೊಂದೇ ಸಲ ಪರೀಕ್ಷೆ ಇಲ್ಲದೆ ವೇಷ ಹೊರಹೋದದ್ದು. ವೇದಿಕೆಯ ಹಿಂದೆ ಇಬ್ಬರೂ ಮೂಟೆ ಬಿಚ್ಚಿದರೆ ಎರಡು ಬಾಲ, ನಾಲ್ಕು ಹಿಂಗಾಲು, ತಲೆಯೇ ಇಲ್ಲ. ಇಬ್ಬರೂ ಹಿಂಭಾಗವನ್ನೇ ಹೊಲಿದಿದ್ದರು!

"ನೋಡಿದೋರೆಲ್ಲ ಹೊಗಳೋದು ಮುಖನ. ಚಿಕ್ಕವಳು, ಅವಳಿಗೆ ಹೆಸರು ಬರ್ಲಿ ಅಂತ ನಾನು ಮುಖ ಬಿಟ್ಟೆ. ಅಕ್ಕ ದೊಡ್ಡವಳು, ಅಕ್ಕನೇ ಮಾಡ್ಲಿ ಅಂತ ಅವಳು ಬಿಟ್ಲು" ಎನ್ನುವಾಗ ವೇಷದಕ್ಕನ ದನಿ ಮೊದಲ ಸಲ ಇಳಿಯುತ್ತದೆ. "ಅಲ್ಲೇ ನಕ್ಕುಬಿಟ್ಟಿದ್ರೆ ಮುಗೀತಿತ್ತು. ಜನರ ಮುಂದೆ ಮಾನ ಹೋಯ್ತಲ್ಲ, ಸಿಟ್ಟು ನೆತ್ತಿಗೇರಿತ್ತು. ನೀನು ಹೇಳ್ಬೇಕಿತ್ತು ಅಂತ ನಾನು, ನೀನು ಕೇಳ್ಬೇಕಿತ್ತು ಅಂತ ಅವಳು. ಆಡಬಾರದ್ದೆಲ್ಲ ಆಡಿದ್ವಿ. ಮಾರನೇ ದಿನ ಬಂದು ಇಲ್ಲಿದ್ದ ಅವಳ ಇನ್ನೊಂದು ಮಿಷನ್ನೂ ಎತ್ಕೊಂಡು ಹೋದ್ಲು."

ನಾಲ್ಕು ವರ್ಷವಾಯಿತು. ತಂಗಿ ಇರುವುದು ಮೂರು ಬೀದಿ ಆಚೆ, ಆಲ್ಟರೇಷನ್ ಕೆಲಸ ಮಾಡಿಕೊಂಡು. ದಾರಿಯಲ್ಲಿ ಎದುರಾದರೆ ಇಬ್ಬರೂ ಅಂಗಡಿಗಳ ಬೋರ್ಡು ಓದುತ್ತ ದಾಟಿಹೋಗುತ್ತಾರೆ. ಎರಡು ಹಿಂಭಾಗಗಳು ಮಾತ್ರ ಕೋಣೆಯ ಮೂಲೆಯಲ್ಲಿ ಅಕ್ಕಪಕ್ಕ ನೇತಾಡುತ್ತಲೇ ಇವೆ. ಕುದುರೆ ಕೇಳಿಬಂದವರಿಗೆಲ್ಲ ವೇಷದಕ್ಕ ಜಿರಾಫೆ ಕೊಟ್ಟು ಸಾಗಹಾಕುತ್ತಾರೆ.

ಈ ಸಲ ಸಾಗಹಾಕಲು ಆಗಲಿಲ್ಲ. ಕೇಳಿದವರು ಪೋಸ್ಟ್ ಮಾಸ್ಟರು. ವರ್ಷಕ್ಕೊಂದು ದಿನ ಅಂಚೆ ಕಚೇರಿಯ ಮೂವತ್ತೊಂದು ಜನರೂ ಪ್ರಾಣಿಗಳಾಗಿ ಕೌಂಟರಿನಲ್ಲಿ ಕೂರುವುದು ಅಲ್ಲಿನ ರೂಢಿ, ಅದನ್ನು ಶುರುಮಾಡಿದವರೂ ಇವರೇ. ಈ ವರ್ಷ ಅವರಿಗೆ ನಿವೃತ್ತಿ. "ಹಿಂದೆ ಅಂಚೆ ಕುದುರೆ ಮೇಲೆ ಹೋಗ್ತಿತ್ತಂತೆ ಕಣಮ್ಮಾ. ನನ್ನ ಕೊನೇ ದಿನ ಕಚೇರಿಗೆ ಒಂದು ಕುದುರೆ ಬರ್ಲಿ" ಎಂದು ಕೇಳಿಕೊಂಡಾಗ ವೇಷದಕ್ಕನ ಬಾಯಿಂದ ಇಲ್ಲ ಎಂಬ ಮಾತು ಹೊರಡಲಿಲ್ಲ. ಕುದುರೆಯಾಗಲು ಇಬ್ಬರು ಹಿರಿಯ ಪೋಸ್ಟ್‌ಮ್ಯಾನ್‌ಗಳು ಆಗಲೇ ತುದಿಗಾಲಲ್ಲಿ ನಿಂತಿದ್ದರು.

ಹತ್ತು ದಿನದಲ್ಲಿ ಮುಂಭಾಗ ಹೊಲಿದಾಯಿತು. ಹಿಂಭಾಗಕ್ಕೆ ತಂಗಿ ಹೊಲಿದದ್ದನ್ನೇ ತೆಗೆದರು, ತಮ್ಮದನ್ನಲ್ಲ. "ಅವಳ ಕೈ ನನ್ನದಕ್ಕಿಂತ ಅಚ್ಚುಕಟ್ಟು. ಇದನ್ನ ಅವಳ ಮುಂದೆ ಯಾವತ್ತೂ ಹೇಳಿಲ್ಲ" ಎನ್ನುತ್ತಾರೆ. ಇನ್ನು ಪರೀಕ್ಷೆ. ಗಂಡನನ್ನು ಹಿಂಗಾಲಿಗೆ ನಿಲ್ಲಿಸಿದರೆ, ಆರಡಿಯ ಆಸಾಮಿ, ಕುದುರೆಯ ಹಿಂಭಾಗ ತಲೆಗಿಂತ ಎತ್ತರಕ್ಕೆ ಹೋಗುತ್ತದೆ. ಪಕ್ಕದ ಮನೆಯಾಕೆ ಹೆಜ್ಜೆಗೊಮ್ಮೆ ಹಿಮ್ಮಡಿ ತುಳಿಯುತ್ತಾರೆ. ಒಂದೇ ಎತ್ತರ, ಒಂದೇ ನಡಿಗೆ ಬೇಕು. ಅಂಥವರು ಇಡೀ ಊರಿನಲ್ಲಿ ಒಬ್ಬರೇ. "ನಿಜ ಹೇಳ್ಬೇಕಂದ್ರೆ, ಹುಡುಕಿದ್ರೆ ಬೇರೆ ಯಾರಾದ್ರೂ ಸಿಗ್ತಿದ್ರು. ನಂಗೇ ಬೇಡ ಅನ್ನಿಸ್ತು. ಈ ಕುದುರೆ ನೆಪದಲ್ಲಾದ್ರೂ ಬರ್ಲಿ ಅಂತ."

ಫೋನು ಮಾಡಲು ಧೈರ್ಯ ಸಾಲದೆ ತಂಗಿಗೆ ಕಾರ್ಡು ಬರೆದರು. ಅದರಲ್ಲಿದ್ದದ್ದು ಇಷ್ಟೇ: "ಕುದುರೆಗೆ ಹಿಂಭಾಗ ಇದೆ, ಒಳಗೆ ಜನ ಇಲ್ಲ. ಶುಕ್ರವಾರ ಬೆಳಿಗ್ಗೆ ಐದೂವರೆ." ಅದನ್ನು ಮುಟ್ಟಿಸಿದವರು ಹಿಂಗಾಲಿನ ಪಾತ್ರಕ್ಕೆ ಆಯ್ಕೆಯಾದ ಪೋಸ್ಟ್‌ಮ್ಯಾನೇ. ಮರಳಿ ಬಂದು ವರದಿ ಒಪ್ಪಿಸಿದರು. "ಓದಿದ್ರು. ಇನ್ನೊಂದ್ಸಲ ಓದಿದ್ರು. ಏನೂ ಹೇಳ್ಲಿಲ್ಲಕ್ಕ. ಆದ್ರೆ ಹರಿದು ಹಾಕ್ಲಿಲ್ಲ, ಅದೇ ದೊಡ್ಡದು."

ಶುಕ್ರವಾರ ಬಂದಿದೆ. ವೇಷದಕ್ಕ ಐದು ಗಂಟೆಗೇ ಕುದುರೆಯನ್ನು ಅಂಗಳದಲ್ಲಿ ಹರಡಿ, ಗುಂಡಿಗಳನ್ನು ಏಳೆಂಟು ಸಲ ಹಾಕಿ ಬಿಚ್ಚಿದ್ದಾರೆ. ಐದೂವರೆಯಾಗುತ್ತದೆ. ಮುಕ್ಕಾಲಾಗುತ್ತದೆ. "ಬರಲ್ಲ ಬಿಡಿ" ಎನ್ನುತ್ತಾರೆ, ಆದರೆ ಕಣ್ಣು ಗೇಟು ಬಿಟ್ಟು ಅಲುಗುವುದಿಲ್ಲ. ಗಂಡ ಕಾಫಿ ಲೋಟ ತಂದು ಪಕ್ಕದಲ್ಲಿಡುತ್ತಾರೆ. ಅದು ತಣ್ಣಗಾಗುತ್ತದೆ.

ಆರು ಗಂಟೆಗೆ ಐದು ನಿಮಿಷವಿರುವಾಗ ಗೇಟು ಕಿರ್ರೆನ್ನುತ್ತದೆ. ತಂಗಿ. ಕೊರಳಿಗೆ ಅಳತೆ ಟೇಪು, ಕೈಯಲ್ಲಿ ತನ್ನದೇ ಕತ್ತರಿ. ಅಕ್ಕನ ಮುಖ ನೋಡದೆ ನೇರ ಕುದುರೆಯ ತಲೆಯ ಹತ್ತಿರ ಹೋಗಿ ಕೂತು, ಎರಡು ಕಿವಿಯನ್ನೂ ಹಿಡಿದು ಎಳೆದು ನೋಡುತ್ತಾರೆ.

"ಕಿವಿ ಇಷ್ಟುದ್ದ ಯಾಕೆ ಬಿಟ್ಟೆ? ಕತ್ತೆ ಮಾಡ್ತಿದೀಯಾ?"

"ಉದ್ದ ಆಯ್ತಾ?"

"ಆಯ್ತಾ ಅಂತ ಕೇಳ್ತೀಯಲ್ಲಕ್ಕ, ಕಣ್ಣಿಗೆ ಕಾಣಲ್ವಾ!"

ಕಚಕಚನೆ ಕತ್ತರಿ ಆಡುತ್ತದೆ. ನಾಲ್ಕು ವರ್ಷದ ಮೌನ ಮುಗಿದದ್ದು ಹೀಗೆ, ಕಿವಿಯ ಉದ್ದದ ಮೇಲೆ. ವೇಷದಕ್ಕ ಕಣ್ಣೊರೆಸಿಕೊಳ್ಳುತ್ತಾರೆ, ಮುಚ್ಚಿಡುವ ಪ್ರಯತ್ನವನ್ನೂ ಮಾಡುವುದಿಲ್ಲ. ತಂಗಿ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಮುಖ ಆಚೆ ತಿರುಗಿಸುತ್ತಾರೆ, ದಾರ ಒಳಹೋಗಲು ಬಹಳ ಹೊತ್ತು ಹಿಡಿಯುತ್ತದೆ.

ವೇಷ ತೊಡುವ ಹೊತ್ತಿಗೆ ಇನ್ನೊಂದು ಫಜೀತಿ. "ನೀನು ಮುಂದೆ ನಿಲ್ಲು" ಎನ್ನುತ್ತಾರೆ ಅಕ್ಕ. "ಛೆ, ನೀನು ದೊಡ್ಡವಳು, ನೀನು ನಿಲ್ಲು" ಎನ್ನುತ್ತಾರೆ ತಂಗಿ. "ಇಲ್ಲ ಇಲ್ಲ, ನೀನೇ." ಅಷ್ಟರಲ್ಲಿ ಗಂಡ ಎರಡೂ ಕೈ ಎತ್ತಿ, "ಅಮ್ಮಾ ತಾಯಂದಿರಾ, ಮತ್ತೆ ಶುರು ಮಾಡ್ಬೇಡ್ರಮ್ಮಾ!" ಎಂದು ಕೂಗುತ್ತಾರೆ. ಅಕ್ಕತಂಗಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನಾಲ್ಕು ವರ್ಷದ ಹಿಂದೆ ಆ ವೇದಿಕೆಯ ಹಿಂದೆ ಬರಬೇಕಿದ್ದ ನಗು ಈಗ ಬರುತ್ತದೆ. ಹೊಟ್ಟೆ ಹಿಡಿದುಕೊಂಡು, ನೆಲಕ್ಕೆ ಕುಕ್ಕರಿಸಿ, ಉಸಿರು ಸಿಕ್ಕಿಕೊಳ್ಳುವಷ್ಟು ನಗುತ್ತಾರೆ.

ಕೊನೆಗೆ ಅಕ್ಕ ಮುಂದೆ, ತಂಗಿ ಹಿಂದೆ. ಗುಂಡಿ ಹಾಕಿದ ಮೇಲೆ ಕುದುರೆ ಒಂದು ಕ್ಷಣ ನಿಂತು, ಮೊದಲ ಹೆಜ್ಜೆ ಇಡುತ್ತದೆ. ನಾಲ್ಕು ಕಾಲೂ ಸರಿಯಾದ ಲಯದಲ್ಲಿ, ಒಂದೂ ತಪ್ಪದೆ. ಬೀದಿಯ ಉದ್ದಕ್ಕೂ ಕುದುರೆಯ ಹೊಟ್ಟೆಯೊಳಗಿಂದ ಮಾತು ಕೇಳಿಬರುತ್ತದೆ. ಮಗಳ ಪರೀಕ್ಷೆ, ಮೊಣಕಾಲು ನೋವು, ಮಿಷನ್ನಿನ ಬೆಲ್ಟು, ಅದು ಇದು. ಕುದುರೆ ಕೂರುತ್ತದೆ, ಏಳುತ್ತದೆ. ಹನ್ನೊಂದೂ ಮೆಟ್ಟಿಲು ಹತ್ತಿ ಇಳಿಯುತ್ತದೆ. ಪರೀಕ್ಷೆ ಮುಗಿದರೂ ಮನೆಗೆ ಬರದೆ ಬೀದಿಯನ್ನು ಇನ್ನೆರಡು ಸುತ್ತು ಹಾಕುತ್ತದೆ.

ಅಂಗಳಕ್ಕೆ ಮರಳಿದಾಗ ಈ ಲೇಖನಕ್ಕೆ ಚಿತ್ರ ತೆಗೆಯಲು ಬಂದ ಪುರವಣಿಯ ಫೋಟೋಗ್ರಾಫರ್ ಕ್ಯಾಮೆರಾ ಸಿದ್ಧಮಾಡಿಕೊಂಡು ಕಾದಿದ್ದಾರೆ. "ಅಮ್ಮಾ, ತಲೆ ತೆಗೀರಿ. ನಿಮ್ಮ ಮುಖ ಕಾಣ್ಬೇಕು, ಓದೋರಿಗೆ ಗೊತ್ತಾಗ್ಬೇಕಲ್ಲ ನೀವು ಯಾರು ಅಂತ."

ಕುದುರೆ ತಲೆ ಅಡ್ಡಡ್ಡ ಆಡಿಸುತ್ತದೆ. ಒಳಗಿಂದ ವೇಷದಕ್ಕನ ದನಿ ಬರುತ್ತದೆ, ಇನ್ನೂ ಏದುಸಿರು ಬಿಡುತ್ತ.

"ಹೀಗೇ ತೆಗೀರಪ್ಪಾ. ನನ್ನ ಮುಖ ಹಾಕಿದ್ರೆ ನಾನೊಬ್ಳೇ ಬರ್ತೀನಿ. ಕುದುರೇದು ಹಾಕಿ, ಅದ್ರಲ್ಲಿ ನಾವಿಬ್ರೂ ಇದೀವಿ."