ಬುಟ್ಟಿಯಲ್ಲಿ ಇಳಿದು ಬರುತ್ತಿದ್ದ ಔಷಧಿ

ಹೋದ ವಾರ ಕಂಪ್ಲಿಯಲ್ಲಿ ಸಂಬಂಧಿಕರ ಮನೆಯ ನಾಮಕರಣ ಮುಗಿಸಿ, ಹೋಳಿಗೆಯ ಭಾರಕ್ಕೆ ಒಂದಿಷ್ಟು ಹಿಂದಕ್ಕೆ ಬಾಗಿ, ಹೊಸಪೇಟೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎಲ್ಲಿಂದಲೋ ಕಾದ ಮರಳಿನ ವಾಸನೆ ಬಂತು. ಮರಳಿಗೆ ಎಂಥ ವಾಸನೆ ಎಂದು ಕೇಳುವವರು ಶೇಂಗಾ ಹುರಿಯುವವರ ಪಕ್ಕ ಎಂದೂ ನಿಂತವರಲ್ಲ. ಮೊದಲು ಸುಟ್ಟ ಮಣ್ಣಿನ ಹಾಗೆ, ಆಮೇಲೆ ಸಿಪ್ಪೆ ಕಂದುವ ಹಾಗೆ, ಕೊನೆಗೆ ಕಾಳು ಎಣ್ಣೆ ಬಿಡುವ ಹಾಗೆ... ತಿರುಗಿ ನೋಡಿದರೆ ತಳ್ಳುಗಾಡಿಯವನೊಬ್ಬ ಬಾಣಲೆಯ ಅಂಚಿಗೆ ಸೌಟಿನಿಂದ ಟಣ್ ಟಣ್ ಎಂದು ಬಡಿಯುತ್ತಿದ್ದ. ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಹೊಸಪೇಟೆಯ ಹಳೆ ಬಜಾರಿನ ಓಣಿಯಲ್ಲಿ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದೆ. ‘ಇದೆ’ ಎಂದು ವರ್ತಮಾನ ಕಾಲದಲ್ಲಿ ಹೇಳಿಕೊಳ್ಳುವುದು ನನಗೆ ಹೆಮ್ಮೆ, ಕೇಳಿದವರಿಗೆ ಆಶ್ಚರ್ಯ. ಟೈಪ್‌ರೈಟರ್ ಎಂಬ ಜೀವಿ ಅಳಿಯಿತೆಂದು ಲೋಕವೆಲ್ಲ ತಿಥಿಯೂಟ ಮುಗಿಸಿದ ಮೇಲೂ ಸರ್ಕಾರಿ ಪರೀಕ್ಷೆಯ ಕೃಪೆಯಿಂದ ಅದು ನನ್ನ ಹಾಲ್‌ನಲ್ಲಿ ಉಸಿರಾಡಿಕೊಂಡಿದೆ. ಕೆಲವು ವರ್ಷಗಳ ಹಿಂದೆ ಅದೇ ಕಟ್ಟಡದ ಮಹಡಿಯ ಮೇಲೆ ಡಾಕ್ಟರು ಇದ್ದರು. ಮುಂದೆ ದವಾಖಾನೆ, ಹಿಂದೆ ಸಂಸಾರ. ಹಿಂದಿನ ಕಾಲದ ಸಾಹುಕಾರನೊಬ್ಬ ಕಳ್ಳರಿಗೆ ಕಷ್ಟವಾಗಲೆಂದು ಮೆಟ್ಟಿಲನ್ನು ಇಕ್ಕಟ್ಟಾಗಿ, ಕಡಿದಾಗಿ, ನಡುವೆ ಒಂದು ಕೊಂಕು ತಿರುವಿಟ್ಟು ಕಟ್ಟಿಸಿದ್ದನಂತೆ. ಕಳ್ಳರ ವಿಷಯ ನನಗೆ ಗೊತ್ತಿಲ್ಲ. ರೋಗಿಗಳ ಮಟ್ಟಿಗೆ ಅವನ ಉದ್ದೇಶ ಪೂರ್ತಿ ಈಡೇರಿತ್ತು.

ಆ ಮೆಟ್ಟಿಲಿನ ಬುಡದಲ್ಲೇ ಶೇಂಗಾದಕ್ಕ ಕೂಡುತ್ತಿದ್ದಳು.

ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದೆವು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡೂ ಕಾಲು ಹೋಗಿದ್ದವು. ಸಂಡೂರಿನ ಕಡೆಯ ಯಾರೋ ಗಣಿಯವರು ಹಂಚಿದ ಕೈಸೈಕಲ್ಲೇ ಅವಳ ಅಂಗಡಿ. ದಾನಿಗಳ ಹೆಸರನ್ನು ಅದರ ಹಿಂದೆ, ಮುಂದೆ, ಎರಡೂ ಪಕ್ಕ, ಸೀಟಿನ ಅಡಿಯಲ್ಲೂ ಬರೆಸಿದ್ದರು; ಬ್ರೇಕು ಹಾಕಿಸುವುದು ಮರೆತುಹೋಗಿತ್ತು. ಮುಂದಿನ ಹಲಗೆಯ ಮೇಲೆ ಸಣ್ಣ ಒಲೆ, ಕಬ್ಬಿಣದ ಬಾಣಲೆ, ಅದರೊಳಗೆ ಹೊಳೆಯ ಮರಳು. ಗಿರಾಕಿಗಳನ್ನು ಕರೆಯಲು ಬಾಣಲೆಯ ಅಂಚಿಗೆ ಸೌಟಿನಿಂದ ಎರಡು ಪೆಟ್ಟು. ಡಾಕ್ಟರನ್ನು ಕರೆಯಲು ಬಿಡದೆ ಬಡಿಯುತ್ತಿದ್ದಳು, ಗುಡಿಯ ಗಂಟೆಯ ಹಾಗೆ.

ಏಕೆಂದರೆ ಅವಳು ಮೇಲೆ ಹತ್ತುವಂತಿರಲಿಲ್ಲ. ಒಮ್ಮೆ ಹತ್ತಿಸಿದ್ದರು. ಜ್ವರ ಏರಿದ್ದಾಗ ಇಬ್ಬರು ಹಮಾಲರು ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ದಿದ್ದರು. ಆ ಯಾತ್ರೆಯನ್ನು ಅವಳು ಮರೆಯಲಿಲ್ಲ.

“ಸೀರಿ ಎಲ್ಲಿ ಹೋತೋ, ಸೆರಗು ಎಲ್ಲಿ ಹೋತೋ,” ಎನ್ನುತ್ತಿದ್ದಳು. “ತಿರುವಿನಾಗ ಒಬ್ಬಂವ ಅಂತಾನ, ಹುಷಾರಲೇ, ಮೂಟಿ ಜಾರತೈತಿ ಅಂತ. ನಾ ಏನು ಮೂಟಿ ಏನ್ರಿ ಮೇಷ್ಟ್ರೆ? ಸತ್ತರೂ ಚಿಂತಿಲ್ಲ, ಇನ್ನೊಮ್ಮೆ ಹೊತಗೊಂಡು ಹೋಗಾದು ಬ್ಯಾಡ.”

ಹೀಗಾಗಿ ನಮ್ಮ ಓಣಿಯಲ್ಲಿ ಒಂದು ಹೊಸ ವೈದ್ಯಪದ್ಧತಿ ಜಾರಿಗೆ ಬಂತು. ಹಾಲು, ತರಕಾರಿ ಮೇಲೆತ್ತಿಕೊಳ್ಳಲು ಡಾಕ್ಟರ ಹೆಂಡತಿ ಬಾಲ್ಕನಿಗೆ ಒಂದು ಕೊಂಡಿ ಹಾಕಿಸಿ, ಹಗ್ಗಕ್ಕೆ ಬಿದಿರಿನ ಬುಟ್ಟಿ ಕಟ್ಟಿದ್ದರು. ಬಾಣಲೆಯ ಸದ್ದು ಕೇಳಿದರೆ ಡಾಕ್ಟರು ಒಳಗಿನ ರೋಗಿಯನ್ನು ನಾಲಿಗೆ ಚಾಚಿದ ಸ್ಥಿತಿಯಲ್ಲೇ ಬಿಟ್ಟು ಬಾಲ್ಕನಿಗೆ ದಯಮಾಡಿಸುತ್ತಿದ್ದರು. ಕೆಳಗೆ ನನ್ನ ಹಾಲ್‌ನಲ್ಲಿ ಹತ್ತಾರು ಮಷಿನ್‌ಗಳು ಒಟ್ಟಿಗೆ ಬಡಿಯುವಾಗ ಅವರಿಗೆ ಅವಳ ಮಾತು ಕೇಳುತ್ತಿರಲಿಲ್ಲ. ನಾನು ಕೈ ಎತ್ತುತ್ತಿದ್ದೆ; ಮಷಿನ್‌ಗಳು ನಿಲ್ಲುತ್ತಿದ್ದವು. ಆ ಮೌನದಲ್ಲಿ, ಸಾರ್ವಜನಿಕರ ಸಮ್ಮುಖದಲ್ಲಿ, ತಪಾಸಣೆ ಪ್ರಾರಂಭ.

“ಏನಾತಕ್ಕ?”

“ಹೊಟ್ಟಿ ಉಬ್ಬರಸೇತ್ರೀ!”

“ಸಂಡಾಸ ಆಗೇತೇನು?”

“ಆಗೇತ್ರೀ!”

ಡಾಕ್ಟರು ಕಿವಿಗೆ ಕೈ ಹಿಡಿದರೆ ಎದುರಿನ ಕಟಿಂಗ್ ಶಾಪಿನವನು ಗಿರಾಕಿಯ ಗಲ್ಲದ ಮೇಲಿನ ಕತ್ತಿ ತೆಗೆಯದೆಯೇ, “ಆಗೇತಂತ್ರೀ, ಆದ್ರ ಸರಿ ಆಗಿಲ್ಲಂತ!” ಎಂದು ಪೂರಕ ಮಾಹಿತಿ ಒದಗಿಸುತ್ತಿದ್ದ. ಥರ್ಮಾಮೀಟರು ಬುಟ್ಟಿಯಲ್ಲಿ ಇಳಿಯುತ್ತಿತ್ತು, ಏರುತ್ತಿತ್ತು. ಮಾತ್ರೆಗಳು ಇಳಿಯುತ್ತಿದ್ದವು. ಫೀಸಿನ ಬದಲು ಬಿಸಿ ಶೇಂಗಾ ಪೊಟ್ಟಣ ಏರುತ್ತಿತ್ತು. ಸ್ಟೆತಾಸ್ಕೋಪು ಮಾತ್ರ ಎಂದೂ ಬರಲಿಲ್ಲ. ಅಷ್ಟುದ್ದದ ನಳಿಗೆ ತಯಾರಿಸುವಷ್ಟು ವಿಜ್ಞಾನ ಮುಂದುವರಿದಿರಲಿಲ್ಲ. ನನ್ನ ವಿದ್ಯಾರ್ಥಿನಿಯರಿಗೆ ಕೀಲಿಮಣೆಗಿಂತ ಮೊದಲು ಶೇಂಗಾದಕ್ಕನ ಪಚನಕ್ರಿಯೆ ಬಾಯಿಪಾಠವಾಗುತ್ತಿತ್ತು.

ನಮಗೆಲ್ಲ ಇದೊಂದು ಅಭಿಮಾನದ ಸಂಗತಿ. ಹಂಪಿ ನೋಡಲು ಬಂದ ನೆಂಟರಿಗೆ ಕಲ್ಲಿನ ರಥ ತೋರಿಸಿದ ಮೇಲೆ ಈ ಬುಟ್ಟಿಯನ್ನೂ ತೋರಿಸಿದ್ದೇನೆ. ಶೇಂಗಾದಕ್ಕನಿಗೆ ಎಲ್ಲರಿಗಿಂತ ಹೆಚ್ಚು ಅಭಿಮಾನ. ಅವಳ ಪಾಲಿಗೆ ಡಾಕ್ಟರು ಸಾಕ್ಷಾತ್ ದೇವರು. ದೇವರು ಎತ್ತರದಲ್ಲಿರುವುದು ಅವಳಿಗೆ ಹೊಸದಾಗಿರಲಿಲ್ಲ.

ಒಂದು ಮಧ್ಯಾಹ್ನ... ಶ್ರಾವಣದ ದಿನಗಳಿರಬೇಕು, ಓಣಿಯಲ್ಲಿ ಹೂವಿನ ಗಾಡಿಗಳು ಹೆಚ್ಚಿದ್ದವು... ಅವಳು ಕೈಸೈಕಲ್ಲನ್ನು ನನ್ನ ಬಾಗಿಲಿಗೆ ತಂದು ನಿಲ್ಲಿಸಿದಳು. ಗಾಲಿಗೆ ಕಲ್ಲು ಇಡುವುದನ್ನೂ ಮರೆತಿದ್ದಳು.

“ಮೇಷ್ಟ್ರೆ, ಇವತ್ತ ಮಷಿನ್ ನಿಲ್ಲಸಬ್ಯಾಡ್ರಿ.”

“ಯಾಕಬೇ? ಡಾಕ್ಟ್ರಿಗೆ ಕೇಳಸಾದು ಹೆಂಗ?”

“ಅವರಿಗೆ ಕೇಳಿಸಿದ್ರ ಸಾಕ್ರಿ,” ಎಂದಳು.

ಆ ಮಾತಿನ ಅರ್ಥ ಆಗ ನನಗೆ ಹೊಳೆಯಲಿಲ್ಲ. ಮಷಿನ್‌ಗಳು ನಡೆದೇ ಇದ್ದವು. ಅವಳು ಬಾಣಲೆ ಬಡಿದಳು. ಡಾಕ್ಟರು ಬಂದರು. ಅವಳು ಕತ್ತೆತ್ತಿ, ಸೆರಗನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಏನೋ ಹೇಳಿದಳು. ಡಾಕ್ಟರು ಬಗ್ಗಿದರು. ಅವಳು ಮತ್ತೆ ಹೇಳಿದಳು; ತುಟಿಯ ಚಲನೆ ಮಾತ್ರ ಕಂಡಿತು. ಡಾಕ್ಟರು ಇನ್ನೂ ಬಗ್ಗಿದರು, ಕಂಬಿಯಿಂದಾಚೆ ಬೀಳುತ್ತಾರೇನೋ ಎನ್ನುವಷ್ಟು. ಕೊನೆಗೆ ಸಹನೆ ಮುಗಿದು, “ಮೇಷ್ಟ್ರೇ, ಒಂದೀಟು ನಿಲ್ಲಸ್ರಿ ಮಾರಾಯ್ರೆ!” ಎಂದು ಕೂಗಿದರು.

ಮಷಿನ್‌ಗಳು ನಿಂತವು.

ಅಷ್ಟು ನಿಶ್ಶಬ್ದ ಆ ಓಣಿಯಲ್ಲಿ ಮತ್ತೆ ನಾನು ಕೇಳಿಲ್ಲ. ಕಟಿಂಗ್ ಶಾಪಿನವನು ಕತ್ತಿ ಹಿಡಿದು ಕಾಯುತ್ತಿದ್ದ. ಹೂವಿನವರು ಕಾಯುತ್ತಿದ್ದರು. ನನ್ನ ಹುಡುಗಿಯರು ಬೆರಳುಗಳನ್ನು ಗಾಳಿಯಲ್ಲಿ ನಿಲ್ಲಿಸಿ ಕಿಟಕಿಯತ್ತ ನೋಡುತ್ತಿದ್ದರು. ಶೇಂಗಾದಕ್ಕ ಒಂದು ಸುತ್ತು ಎಲ್ಲರ ಮುಖ ನೋಡಿದಳು.

“ಏನಿಲ್ರೀ,” ಎಂದಳು, ಎಲ್ಲರಿಗೂ ಕೇಳುವಂತೆ. “ಮಾಮೂಲಿ ಗ್ಯಾಸು.”

ಬುಟ್ಟಿಯಲ್ಲಿ ಗ್ಯಾಸಿನ ಮಾತ್ರೆ ಇಳಿದು ಬಂತು. ಪೊಟ್ಟಣ ಮೇಲೆ ಹೋಯಿತು.

ದೀಪಾವಳಿಯ ಸುಮಾರಿಗೆ ನನ್ನ ಹೆಂಡತಿ ಬಜಾರಿಗೆ ಬಂದವಳು ಶೇಂಗಾ ಕೊಳ್ಳಲು ನಿಂತಳು. ಕೊಳ್ಳುವುದಕ್ಕೆ ಅಷ್ಟು ಹೊತ್ತು ಬೇಕೇ ಎಂದು ನಾನು ಒಳಗಿನಿಂದ ಗೊಣಗುತ್ತಿದ್ದೆ. ಹೊರಗೆ ಬಂದು ನೋಡಿದರೆ ಇಬ್ಬರ ತಲೆಯೂ ಬಾಣಲೆಯ ಮೇಲೆ ಕೂಡಿತ್ತು, ಶೇಂಗಾ ಸೀಯುತ್ತಿತ್ತು. ಶೇಂಗಾದಕ್ಕನ ಕೈಯಲ್ಲಿ ಶೇಂಗಾ ಸೀದದ್ದನ್ನು ನಾನು ಕಂಡಿರಲಿಲ್ಲ. ನನ್ನ ಹೆಂಡತಿ ನನ್ನನ್ನು ದಾಟಿಕೊಂಡು, ಮಂಡಿನೋವು ಇದ್ದವಳು, ಆ ಮೆಟ್ಟಿಲು ಹತ್ತಿ ಹೋದಳು. ಒಂದು ಗಳಿಗೆಯಲ್ಲಿ ಡಾಕ್ಟರು ಚಪ್ಪಲಿಯಿಲ್ಲದೆ ಇಳಿದು ಬಂದರು.

ಇಳಿದು ಬಂದು ಏನು ಮಾಡುವುದು? ನಡುಬೀದಿ. ನನ್ನ ಹುಡುಗಿಯರನ್ನು ಹೊರಗೆ ಕಳಿಸಿದೆ. ಎರಡು ಬೆಂಚು ಕೂಡಿಸಿದೆವು. ಹೆಂಡತಿ ಆಗಷ್ಟೇ ಕೊಂಡು ತಂದಿದ್ದ ಹಬ್ಬದ ಸೀರೆಯನ್ನು ಬಿಚ್ಚಿ ಅಡ್ಡಕ್ಕೆ ಹಿಡಿದಳು. ಶೇಂಗಾದಕ್ಕ ಯಾರ ಕೈಯನ್ನೂ ಮುಟ್ಟದೆ, ತನ್ನ ತೋಳಿನ ಬಲದಿಂದಲೇ ಸೈಕಲ್ಲಿನಿಂದ ಬೆಂಚಿಗೆ ಜಾರಿಕೊಂಡಳು. ನಾನು ಹೊರಗೆ ನಿಂತು ಬಾಗಿಲಿಗೆ ಬೆನ್ನು ತಿರುಗಿಸಿದೆ. ಎಷ್ಟೋ ವರ್ಷ ಅವಳಿಗೆ ವೈದ್ಯ ಮಾಡಿದ ಮೇಲೆ ಡಾಕ್ಟರು ಅವಳನ್ನು ಮುಟ್ಟಿ ನೋಡಿದ್ದು ಅದೇ ಮೊದಲು.

ಹೊರಗೆ ಬಂದಾಗ ಅವರ ಮುಖ ನೋಡಲಾಗಲಿಲ್ಲ. “ಎದಿಯಾಗ ಗಂಟು ಐತಿ. ಬೆಳದೈತಿ,” ಎಂದರು. “ನನಗ ಮೊದಲ ಯಾಕ ಹೇಳಲಿಲ್ಲಬೇ ಅಂತ ಕೇಳಿದೆ. ಹೇಳಾಕ ಬಂದಿದ್ದೆ ಅಂತಾಳ.”

ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಎಲ್ಲವೂ ದೊಡ್ಡದೇ. ತಪಾಸಣೆಯ ಮಂಚ ಆಳೆತ್ತರ. ಎದೆಯ ಚಿತ್ರ ತೆಗೆಯುವ ಯಂತ್ರಕ್ಕೆ ನಿಂತವರ ಎದೆ ಮಾತ್ರ ಗೊತ್ತು. ಕುಂತವರಿಗೂ ಎದೆ ಇರುತ್ತದೆಂದು ಅದನ್ನು ಕಟ್ಟಿದವರಿಗೆ ಯಾರೂ ತಿಳಿಸಿರಲಿಲ್ಲ. “ಒಂದ್ ನಿಮಿಷ ನಿಲ್ಲೋಕಾಗಲ್ವಾ?” ಎಂದು ಕೇಳಿದರು. ಬೇರೆ ದಾರಿ ಇದೆ, ಇನ್ನೊಂದು ದಿನ ಬನ್ನಿ ಎಂದರು. ಆ ಇನ್ನೊಂದು ದಿನ ಹೋದಾಗ ಆ ದಾರಿಯವರು ರಜದಲ್ಲಿದ್ದರು. ಎಲ್ಲರೂ ನನ್ನ ಹೆಂಡತಿಯನ್ನೇ ಕೇಳುತ್ತಿದ್ದರು: ಇವರಿಗೆ ನೋವಿದೆಯಾ, ಇವರು ಊಟ ಮಾಡ್ತಾರಾ.

“ಏ ಯವ್ವ, ಹೋಗಿರಾದು ಕಾಲು,” ಎಂದಳು ಶೇಂಗಾದಕ್ಕ. “ಬಾಯಿ ಇಲ್ಲೇ ಐತಿ ನೋಡು.”

ಕಾಯುವ ಬೆಂಚಿನ ಹತ್ತಿರ ಒಬ್ಬಳು ಹುಡುಗಿ, ಓದುವ ಹುಡುಗಿಯಿರಬೇಕು, ಕೈಯಲ್ಲಿ ಟ್ಯಾಬ್ ಹಿಡಿದು ಬಂದಳು. ನಿಮ್ಮ ಊರಿನ ಡಾಕ್ಟರ ಸೇವೆ ನಿಮಗೆ ತೃಪ್ತಿ ತಂದಿದೆಯೇ, ಸ್ವಲ್ಪ ತಂದಿದೆಯೇ, ಇಲ್ಲವೇ ಎಂದು ಕೇಳಿದಳು.

“ಭಾಳ ತೃಪ್ತಿ,” ಎಂದಳು ಶೇಂಗಾದಕ್ಕ, ಯೋಚಿಸದೆ. “ನಾ ಬಂದೀನಿ ಅಂದ್ರ ಎದ್ದು ಹೊರಗ ಬರ್ತಾರ್ವಾ. ಇಲ್ಲಿ ಯಾರರ ಎದ್ದಾರೇನು?”

ಹುಡುಗಿ ಒಂದು ಚೌಕಕ್ಕೆ ಬೆರಳಿಟ್ಟು ಮುಂದಿನವರ ಹತ್ತಿರ ಹೋದಳು. ಆ ಚೌಕ ಸುಳ್ಳೆಂದು ನಾನು ಹೇಳಲಾರೆ. ಶೇಂಗಾದಕ್ಕ ಅಂದದ್ದನ್ನು ಮನಸಾರೆ ಅಂದಿದ್ದಳು. ಆ ಮಾತನ್ನು ಊರಿಗೆ ಬಂದು ಡಾಕ್ಟರಿಗೆ ಹೇಳಿದೆ, ಸಮಾಧಾನವಾಗಲೆಂದು. ಅವರು ಎದ್ದು ಒಳಗೆ ಹೋದರು.

ಚಿಕಿತ್ಸೆ ಶುರುವಾಯಿತು. ಆದರೆ ರೋಗ ಮುಂದೆ, ಔಷಧಿ ಹಿಂದೆ. ಕೊನೆಯ ದಿನಗಳಲ್ಲಿ ಡಾಕ್ಟರೇ ಅವಳ ಗುಡಿಸಲಿಗೆ ಸ್ಕೂಟರಿನಲ್ಲಿ ಹೋಗಿ ನೋಡಿ ಬರುತ್ತಿದ್ದರು. “ಈಗ ಬುಟ್ಟಿನೇ ಬ್ಯಾಡಾತ್ ನೋಡ್ರಿ,” ಎಂದು ಅವಳು ನಕ್ಕಳಂತೆ. ಮಾವಿನಕಾಯಿ ಬಜಾರಿಗೆ ಬರುವ ಹೊತ್ತಿಗೆ ಅವಳು ಇರಲಿಲ್ಲ...

ಬುಟ್ಟಿಯ ಹಗ್ಗ ಬಿಸಿಲಿಗೆ ಜೀರ್ಣವಾಗಿ ಒಂದು ದಿನ ತಾನೇ ಬಿತ್ತು. ಅದಾಗಿ ಕೆಲವು ವರ್ಷಕ್ಕೆ ಡಾಕ್ಟರ ಮಂಡಿಗಳು ರಾಜೀನಾಮೆ ಕೊಟ್ಟವು. ಮೆಟ್ಟಿಲು ಹತ್ತಲಾರದ ರೋಗಿಗಳಿಗಾಗಿ ಇಳಿಯದಿದ್ದ ದವಾಖಾನೆ ಮೆಟ್ಟಿಲು ಇಳಿಯಲಾರದ ಡಾಕ್ಟರಿಗಾಗಿ ಇಳಿದು ಬಂತು. ಸಂಸಾರವೂ ನೆಲಮಟ್ಟದ ಬಾಡಿಗೆ ಮನೆ ಹುಡುಕಿಕೊಂಡಿತು. ನನ್ನ ವಿದ್ಯಾರ್ಥಿಗಳೂ ಕಡಿಮೆಯಾಗಿದ್ದರು. ಹಾಲ್‌ನ ಅರ್ಧವನ್ನು ಅವರಿಗೆ ಬಿಟ್ಟುಕೊಟ್ಟು ನಡುವೆ ಪ್ಲೈವುಡ್ಡಿನ ಗೋಡೆ ಎಬ್ಬಿಸಿದೆವು. ಬಾಗಿಲಿಗೆ ಸಿಮೆಂಟಿನ ಇಳಿಜಾರು ಹಾಕಿಸಿದರು. ಅದರ ಮೇಲೆ ಅತಿ ಹೆಚ್ಚು ಓಡಾಡುವವರು ಡಾಕ್ಟರೇ. ಒಂದು ಕೈಸೈಕಲ್ಲು ಆರಾಮವಾಗಿ ಹತ್ತುವಷ್ಟು ಅಗಲವಿದೆ. ಅಳತೆ ಹೇಳಿ ಮಾಡಿಸಿದ್ದು ಅವರೇ. ಯಾವ ಸೈಕಲ್ಲಿನ ಅಳತೆಯೆಂದು ಗೌಂಡಿ ಕೇಳಿದಾಗ ಟೇಪು ಹಿಡಿದು ಮತ್ತೊಮ್ಮೆ ಅಳೆದು ತೋರಿಸಿದರು.

ಕಂಪ್ಲಿಯಿಂದ ಮುಂದಿನ ಬಸ್ಸು ಹಿಡಿದು ಬಂದೆ. ತಳ್ಳುಗಾಡಿಯವನಿಂದ ಕೊಂಡ ಶೇಂಗಾ ಪೊಟ್ಟಣವನ್ನು ಡಾಕ್ಟರ ಮೇಜಿನ ಮೇಲಿಟ್ಟೆ. ಒಂದು ಕಾಳು ಬಾಯಿಗೆ ಹಾಕಿಕೊಂಡರು, ನಿಧಾನವಾಗಿ ಅಗಿದರು.

“ಹರಳು ಸಿಗತೈತ್ರಿ,” ಎಂದರು.

“ಹೂಂ,” ಎಂದೆ. ಅವಳ ಶೇಂಗಾದಲ್ಲಿ ಮರಳಿನ ಒಂದು ಹರಳೂ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಇಳಿಜಾರಿನ ಮೇಲೆ ಗಾಲಿಯ ಸದ್ದು. ಮರಿಯಮ್ಮನಹಳ್ಳಿ ಕಡೆಯ ಹೆಂಗಸೊಬ್ಬಳು ತನ್ನ ವೀಲ್‌ಚೇರನ್ನು ತಾನೇ ತಳ್ಳಿಕೊಂಡು ಒಳಗೆ ಬಂದಳು. ನಾನು ಎದ್ದು ನನ್ನ ಕಡೆಗೆ ಬಂದೆ. ಡಾಕ್ಟರು ಪರದೆ ಎಳೆದರು. ಅದರ ಉಂಗುರಗಳು ಕಂಬಿಯ ಮೇಲೆ ಸರ್ರೆಂದು ಸರಿದವು.

ಆ ಸದ್ದಿಗೆ ನಮ್ಮ ಇನ್‌ಸ್ಟಿಟ್ಯೂಟಿನಲ್ಲಿ ಒಂದು ಕಟ್ಟಳೆಯಿದೆ. ಪ್ಲೈವುಡ್ಡು ತೆಳು, ಆಚೆಯ ಪಿಸುಮಾತೂ ಈಚೆ ಕೇಳುತ್ತದೆ. ಪಾಠ ಮುಗಿಸಿ ಚೀಲ ಹೆಗಲಿಗೇರಿಸಿದ್ದ ಹುಡುಗಿಯರು ಮತ್ತೆ ಕುಳಿತರು. ಹೊಸದಾಗಿ ಸೇರಿದವಳೊಬ್ಬಳು, “ಏನ್ ಹೊಡೀಲಿ ಸರ್?” ಎಂದಳು.

“ಏನರ ಹೊಡಿ,” ಎಂದೆ. “ಜೋರಾಗಿ ಹೊಡಿ. ಪರದಿ ತೆಗೆಯೋತನಕ ನಿಲ್ಲಸಬ್ಯಾಡ.”