ಸರೋಜಕ್ಕನ ಕ್ಯಾಲೆಂಡರಿನ ಖಾಲಿ ದಿನಗಳು

ಭದ್ರಾವತಿಯ ಜನ್ನಾಪುರದಲ್ಲಿ ನಾಲ್ಕು ವಾರಕ್ಕೊಮ್ಮೆ ಮೂರ್ನಾಲ್ಕು ದಿನ ಗಾಳಿಯಿಂದ ಮಸಿ ಬೀಳುವುದೇ ಇಲ್ಲ ಎಂದು ನನ್ನ ಪಿಎಚ್.ಡಿ. ಥೀಸಿಸ್ಸಿನ ಐದನೇ ಅಧ್ಯಾಯದಲ್ಲಿ ಬರೆದಿದ್ದೇನೆ. ಅದು ಸುಳ್ಳು. ಬರೆಯುವಾಗ ಸುಳ್ಳೆಂದು ತಿಳಿದಿರಲಿಲ್ಲ. ತಿಳಿದ ಮೇಲೂ ನಲವತ್ತು ವರ್ಷ ಯಾರಿಗೂ ಹೇಳಲಿಲ್ಲ — ತಪ್ಪು ಅಲ್ಲಿದೆ. ಇನ್ನೂ ಒಂದಿದೆ. ಅದೇ ಅಧ್ಯಾಯದಲ್ಲಿ, ಸಂಶೋಧಕಿ ಪ್ರತಿದಿನ ಖುದ್ದಾಗಿ ಗಮನಿಸಿ ದಾಖಲಿಸಿದ್ದು ಎಂಬ ಮಾತು ಬರುತ್ತದಲ್ಲ, ಆ ಗಮನಿಸಿದವಳು ನಾನಲ್ಲ. ಸರೋಜಕ್ಕ.

ನಾನಾಗ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳು, ಕಂಡದ್ದಕ್ಕೆಲ್ಲ ಗ್ರಾಫ್ ಶೀಟ್ ಹಾಸುವ ಹುಚ್ಚನ್ನು ನಮ್ಮ ಸೈನ್ಸ್ ಸಿಸ್ಟರ್ ಹತ್ತಿಸಿಬಿಟ್ಟಿದ್ದರು. ಮನೆಗಳ ಮೇಲೆ ಬೀಳುವ ಧೂಳು, ಮಸಿ ಅಳೆಯುವುದು ನನ್ನ ವಿಷಯ. ಜನ್ನಾಪುರದ ಕೆಲವು ಮನೆಗಳ ಸಜ್ಜದ ಮೇಲೆ ಅಗಲ ಬಾಯಿಯ ಗಾಜಿನ ಜಾಡಿ ಇಟ್ಟಿದ್ದೆ. ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದೆ, ತಿಂಗಳಿಗೊಮ್ಮೆ ಲ್ಯಾಬಿಗೆ ತಂದು ತೂಗುತ್ತಿದ್ದೆ. ತಿಂಗಳಿಗೆ ಒಂದೇ ಒಂದು ಅಂಕಿ! ಅದರಿಂದ ಏನು ಹೇಳಲಿಕ್ಕಾಗುತ್ತದೆ? ದಿನದಿನದ ಲೆಕ್ಕ ಸಿಕ್ಕಿದ್ದರೆ — ಎಂದು ಒಮ್ಮೆ ಡಿಸೆಂಬರಿನಲ್ಲಿ, ಜಾಡಿಯಿದ್ದ ಮನೆಗಳಲ್ಲೊಂದರ ಸರೋಜಕ್ಕನ ಮುಂದೆ ಗೊಣಗಿದೆ.

ಸರೋಜಕ್ಕನಿಗೆ ಆಗ ಮೂವತ್ತು ದಾಟಿತ್ತೇನೋ. ಗಂಡ ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಮನೆಗೆ ಬಂದರೆ ಬಿಳಿ ಪಂಚೆಯೇ ಆಗಬೇಕು.

"ನಿಮ್ ಜಾಡಿ ತಿಂಗ್ಳಿಗೊಂದ್ಸಲ ಹೇಳೋದನ್ನ ನಮ್ಮನೆಯವರ ಪಂಚೆ ದಿನಾ ಹೇಳತ್ತೆ ಮಿಸ್ಸೇ," ಎಂದು ನಕ್ಕರು. ಒಳಗೆ ದೇವರ ಗೂಡಿನ ಪಕ್ಕದ ಮೊಳೆಯಿಂದ ಲಕ್ಷ್ಮಿಯ ಚಿತ್ರವಿದ್ದ ಕ್ಯಾಲೆಂಡರ್ ಇಳಿಸಿಕೊಂಡು ಬಂದರು. ಅದರ ಹಿಂದೆ ಹೋದ ವರ್ಷದ್ದು, ಅದರ ಹಿಂದೆ ಅದಕ್ಕೂ ಹಿಂದಿನದು. ತಾರೀಖುಗಳ ಕೆಳಗೆಲ್ಲ ಪೆನ್ಸಿಲ್ ಚುಕ್ಕೆ.

"ಒಂದು ಚುಕ್ಕೆ ಅಂದ್ರೆ ಮಸಿ ಕೊಡವಿದ್ರೆ ಹೋಯ್ತು. ಎರಡು ಅಂದ್ರೆ ನೀರಲ್ಲಿ ಜಾಲಿಸ್ಬೇಕು. ಮೂರು ಅಂದ್ರೆ ಮತ್ತೆ ಸೋಪು ಹಾಕಿ ಕುಕ್ಕಬೇಕು."

"ಇದನ್ನೆಲ್ಲ ಯಾಕೆ ಬರೆದಿಟ್ರಿ ಸರೋಜಕ್ಕ?"

"ಮಸಿ ಮೇಲಿಂದ ಬಿದ್ರೂ ನಮ್ಮತ್ತೆ, 'ಇವಳಿಗೆ ಒಗೆಯಕ್ಕೆ ಬರಲ್ಲ' ಅಂತಾರೆ. ಸಾಕ್ಷಿ ಬೇಡ್ವಾ?"

ಸಾಕ್ಷಿ! ಎವಿಡೆನ್ಸ್! ನನ್ನ ಗೈಡ್ ಎರಡು ವರ್ಷದಿಂದ ಕೇಳುತ್ತಿದ್ದದ್ದು ಅದೊಂದನ್ನೇ. ವಾಪಸು ಕೊಡುತ್ತೇನೆಂದು ಮೂರೂ ಕ್ಯಾಲೆಂಡರ್ ಸುತ್ತಿಕೊಂಡು ಬಂದೆ. ಊಟದ ಮೇಜಿನ ಮೇಲೆ ಗ್ರಾಫ್ ಶೀಟುಗಳನ್ನು ಅಂಟಿಸಿ ಚುಕ್ಕೆ ಇಡುತ್ತಾ ಹೋದೆ. ಚುಕ್ಕೆ ಇಲ್ಲದ ದಿನಕ್ಕೆ ಸೊನ್ನೆ. ಅಲೆ ಎದ್ದಿತು, ಬಿದ್ದಿತು. ಮತ್ತೆ ಎದ್ದಿತು — ಮತ್ತೆ, ಸರಿಯಾಗಿ ನಾಲ್ಕು ವಾರಕ್ಕೆ, ಬಿದ್ದಿತು! ಮೈ ಜುಮ್ಮೆಂದಿತು. ಇಷ್ಟು ವಯಸ್ಸಾಗಿ, ಇಷ್ಟೆಲ್ಲ ಕಂಡು, ಆ ಸಂಜೆಯಷ್ಟು ಥ್ರಿಲ್ ಇನ್ನೊಂದಿಲ್ಲ ಎಂದೇ ಹೇಳುತ್ತೇನೆ — ಹೇಳಲು ನಾಚಿಕೆಯೂ ಆಗುತ್ತದೆ. ತಿಂಗಳಿಗೊಮ್ಮೆ ಕಾರ್ಖಾನೆಯಲ್ಲಿ ಯಾವುದೋ ಯಂತ್ರ ನಿಲ್ಲಿಸಿ ತೊಳೆಯುತ್ತಿರಬೇಕು ಎಂದು ಊಹಿಸಿದೆ. ಊಹೆಯನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದೆ. ಬರೆದದ್ದು ಚೆನ್ನಾಗಿತ್ತು, ಹಾಗಾಗಿ ನಿಜವೆನಿಸಿತು. ಹೆಂಗಸೊಬ್ಬಳ ಪಂಚೆ ಒಗೆಯುವ ಲೆಕ್ಕ ಎಂದರೆ ಎಕ್ಸಾಮಿನರ್‌ಗಳು ನಗುತ್ತಾರೆಂದು, ಸರೋಜಕ್ಕನ ಹೆಸರಿನ ಜಾಗದಲ್ಲಿ ನನ್ನನ್ನು ನಿಲ್ಲಿಸಿಕೊಂಡೆ.

ಥೀಸಿಸ್ ಬೈಂಡ್ ಆಗಿ ಯೂನಿವರ್ಸಿಟಿಗೆ ಹೋಯಿತು. ಬೇಕರಿಯ ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡು ಜನ್ನಾಪುರಕ್ಕೆ ಓಡಿದೆ. "ಸರೋಜಕ್ಕ, ನಿಮ್ಮ ಕ್ಯಾಲೆಂಡರಿನಲ್ಲಿ ಏನು ಸಿಕ್ತು ಗೊತ್ತಾ?" — ಒಂದೇ ಉಸಿರಿಗೆ ಎಲ್ಲ ಹೇಳಿದೆ. ತಿಂಗಳಿಗೆ ಮೂರ್ನಾಲ್ಕು ದಿನ ಮಸಿಯೇ ಇಲ್ಲ!

ಅವರು ನನ್ನನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು.

"ಅಯ್ಯೋ ಮಾರಾಯ್ತಿ! ಆ ದಿನ ನಾನು ಹೊರಗೆ ಮಿಸ್ಸೇ. ಹಿತ್ತಲ ಕಡೆ ಕೂತಿರ್ತೀನಿ. ಒಳಗೆ ಬಂದು ಲಕ್ಷ್ಮಿ ಕ್ಯಾಲೆಂಡರ್ ಮುಟ್ಟಕ್ಕಾಗತ್ತಾ? ನಾನು ಮುಟ್ಟಲಿಲ್ಲ ಅಂದ್ರೆ ಮಸೀನೂ ಬೀಳ್ಲಿಲ್ಲ ಅಂತ ಬರ್ಕೊಂಡ್ಬಿಟ್ರಾ?"

ನಮ್ಮದು ಲಿಂಗಾಯತರ ಮನೆ. ಆ ಮೂರು ದಿನ ಹೊರಗೆ ಕೂರುವ ಪದ್ಧತಿ ನಮ್ಮಲ್ಲಿಲ್ಲ. ಅಮ್ಮ ಎಲ್ಲ ದಿನವೂ ಅಡುಗೆಮನೆಯಲ್ಲೇ ಇರುತ್ತಿದ್ದರು. ಕಾನ್ವೆಂಟಿನಲ್ಲಂತೂ ಆ ಮಾತನ್ನೇ ಎತ್ತುತ್ತಿರಲಿಲ್ಲ. ನನಗೆ ಹೊಳೆಯದಿದ್ದದ್ದಕ್ಕೆ ಇದು ಕಾರಣ, ನೆಪವಲ್ಲ. ಖಾಲಿ ಯಾಕಿದೆ ಎಂದು ಒಂದು ಮಾತು ಕೇಳಬಹುದಿತ್ತು. ಮೂರು ವರ್ಷದ ಖಾಲಿ ದಿನಗಳು — ಒಂದೇ ಮಾತು.

ನನ್ನ ಮುಖ ಕಂಡು ಅವರ ನಗು ನಿಂತಿತು. "ಹಿತ್ತಲಿಗೆ ಬನ್ನಿ ಇಲ್ಲಿ. ಒಂದು ತೋರಿಸ್ತೀನಿ," ಎಂದು ಎದ್ದರು.

"ಇನ್ನೊಂದ್ಸಲ ಬರ್ತೀನಿ ಸರೋಜಕ್ಕ. ಬಸ್ಸಿಗೆ ಹೊತ್ತಾಯ್ತು."

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿಗೇನು ಬರವೇ? ಹೊತ್ತಾಗಿರಲಿಲ್ಲ. ಇನ್ನಷ್ಟು ತಿಳಿದುಬಿಟ್ಟರೆ ಥೀಸಿಸ್ ವಾಪಸು ತರಿಸಬೇಕಾಗುತ್ತದಲ್ಲ ಎಂದು — ಓಡಿದೆ. ವೈವಾದಲ್ಲಿ ಎಕ್ಸಾಮಿನರ್ ಕನ್ನಡಕ ಏರಿಸಿ "ಬ್ಯೂಟಿಫುಲ್ ಪೀರಿಯಾಡಿಸಿಟಿ" — ಎಷ್ಟು ಚೆಂದದ ಆವರ್ತನ — ಎಂದರು. ಥ್ಯಾಂಕ್ಯೂ ಸರ್ ಎಂದೆ. ಅಧ್ಯಾಯ ಜರ್ನಲ್ಲಿನಲ್ಲೂ ಅಚ್ಚಾಯಿತು. ಮತ್ತೆ ಜನ್ನಾಪುರಕ್ಕೆ ಕಾಲಿಡಲಿಲ್ಲ. ಕ್ಯಾಲೆಂಡರುಗಳು ನನ್ನ ಟ್ರಂಕಿನಲ್ಲೇ ಉಳಿದವು.

ಹೋದ ತಿಂಗಳು ಶಿವಮೊಗ್ಗದ ರವೀಂದ್ರನಗರದ ನನ್ನ ಮನೆಗೆ ಚೈತ್ರಾ ಎಂಬ ಹುಡುಗಿ ಬಂದಳು. ರಿಸರ್ಚ್ ಸ್ಕಾಲರ್. ಹಳೆಯ ಮಸಿ, ಮಕ್ಕಳ ಉಬ್ಬಸ, ಹೆಂಗಸರ ಮನೆಗೆಲಸ — ಕೆಮಿಸ್ಟ್ರಿ, ಮೆಡಿಸಿನ್, ಸೋಷಿಯಾಲಜಿ ಮೂರನ್ನೂ ಒಟ್ಟಿಗೆ ಹೆಣೆಯುತ್ತಿದ್ದಾಳಂತೆ. ನಮ್ಮ ಕಾಲದಲ್ಲಿ ಒಂದು ಡಿಪಾರ್ಟ್‌ಮೆಂಟಿನವರು ಇನ್ನೊಂದರ ಬಾಗಿಲಲ್ಲೂ ನಿಲ್ಲುತ್ತಿರಲಿಲ್ಲ! ಕೇಳುತ್ತಾ ಕೇಳುತ್ತಾ ನನಗೂ ಮತ್ತೆ ಇಪ್ಪತ್ತೆಂಟಾದಂತೆ ಖುಷಿ. ಅಷ್ಟರಲ್ಲಿ ಲ್ಯಾಪ್‌ಟಾಪ್ ತಿರುಗಿಸಿದಳು.

"ಮೇಡಂ, ನಿಮ್ಮ ಆ ನಾಲ್ಕು ವಾರದ ಸೈಕಲ್ ಇದ್ಯಲ್ಲ, ನನ್ ಪೂರ್ತಿ ಮಾಡೆಲ್ ಅದರ ಮೇಲೇ ನಿಂತಿರೋದು. ಪೇಪರ್ ರೆಡಿ ಇದೆ. ಬರೋ ವಾರ ಕಳಿಸ್ತಿದೀನಿ. ಅಲ್ಲ, ದಿನಾ ಭದ್ರಾವತಿಗೆ ಹೇಗೆ ಹೋಗ್ತಿದ್ರಿ ಮೇಡಂ? ಮೂರು ವರ್ಷ?"

ಪರದೆಯ ಮೇಲೆ ನನ್ನ ಅಲೆ. ಬಣ್ಣ ಹಚ್ಚಿಕೊಂಡು ಎಷ್ಟು ಚೆಂದ ಕುಣಿಯುತ್ತಿತ್ತು! ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಈ ಸಲ ಸುಳ್ಳಿನ ಮೇಲೆ ನಿಲ್ಲುವವಳು ನಾನಲ್ಲ, ಅವಳು. ಟ್ರಂಕು ತೆಗೆದೆ. ಕ್ಯಾಲೆಂಡರುಗಳನ್ನು ಮೇಜಿನ ಮೇಲೆ ಹಾಸಿ, ಸರೋಜಕ್ಕನ ಹೆಸರಿನಿಂದ ಹಿಡಿದು ಬಸ್ಸಿನ ಸುಳ್ಳಿನವರೆಗೆ ಎಲ್ಲ ಹೇಳಿದೆ.

ಚೈತ್ರಾ ಲ್ಯಾಪ್‌ಟಾಪ್ ಮುಚ್ಚಿದಳು.

"ಎರಡು ವರ್ಷ ಮೇಡಂ," ಎಂದಳು. "ನನ್ನ ಎರಡು ವರ್ಷ."

ಆಮೇಲೆ ಅವಳ ಬೆರಳು ತಾನಾಗಿ ಒಂದು ಚುಕ್ಕೆಯ ಮೇಲೆ ಹೋಯಿತು, ಇನ್ನೊಂದರ ಮೇಲೆ ಹೋಯಿತು. ಕಣ್ಣು ಅರಳುವುದನ್ನು ಕಂಡೆ — ಆ ರೋಗ ನನಗೆ ಗೊತ್ತು.

"ಆದ್ರೆ ಉಳಿದ ಚುಕ್ಕೆಗಳೆಲ್ಲ ನಿಜ ಅಲ್ವಾ? ಸೊನ್ನೆ ಅಂದ್ಕೊಂಡಿದ್ದು ಸೊನ್ನೆ ಅಲ್ಲ ಅಂದ್ರೆ ಎಲ್ಲ ಲೆಕ್ಕಾನೂ ಹೊಸದಾಗಿ... ಮೇಡಂ, ಅವರು ಇದಾರಾ?"

ಇದ್ದರು. ಅದೇ ಬೀದಿ, ಅದೇ ಮನೆ. ನಾವು ಗೇಟು ತೆಗೆಯುವಾಗ ಜಗಲಿಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಣ್ಣು ಕಿರಿದು ಮಾಡಿ ನನ್ನನ್ನು ಅಳೆದು ನೋಡಿದರು.

"ಬಸ್ಸು ಸಿಕ್ತಾ ಮಿಸ್ಸೇ?"

ನಲವತ್ತು ವರ್ಷದ ಮೇಲೆ ಕೇಳಿದ ಮೊದಲ ಮಾತು. ಚೈತ್ರಾ ನಕ್ಕುಬಿಟ್ಟಳು. ನಾನು ನಗಲೂ ಆಗದೆ, ಅಳಲೂ ಆಗದೆ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಕ್ಯಾಲೆಂಡರುಗಳನ್ನು ಅವರ ಮಡಿಲಲ್ಲಿ ಇಟ್ಟೆ. ತಪ್ಪಾಯಿತು ಸರೋಜಕ್ಕ ಎಂದೆ. ಅವರು ಹೌದು ಎನ್ನಲಿಲ್ಲ, ಹೋಗಲಿ ಬಿಡಿ ಎಂದೂ ಅನ್ನಲಿಲ್ಲ. "ಅವತ್ತು ತೋರಿಸ್ತೀನಿ ಅಂದಿದ್ನಲ್ಲ, ಬನ್ನಿ," ಎಂದು ನನ್ನ ಭುಜ ಹಿಡಿದೇ ಎದ್ದರು.

ಹಿತ್ತಲು. ಬಟ್ಟೆ ಒಣಹಾಕುವ ತಂತಿ, ಅದರೆದುರು ಸುಣ್ಣ ಬಳಿದ ಗೋಡೆ, ಗೋಡೆಗೆ ಒರಗಿದ ಕಲ್ಲು.

"ಹೊರಗಿದ್ದಾಗ ಕೂರ್ತಿದ್ದಿದ್ದು ಈ ಕಲ್ಲಿನ ಮೇಲೆ. ಕೆಲಸ ಇಲ್ಲ, ಕಾರ್ಯ ಇಲ್ಲ, ಅತ್ತೆ ಒಗೆದು ಹಾಕಿದ ಪಂಚೆ ನೋಡ್ತಾ ಕೂರೋದೇ. ಮಸಿ ಬೀಳೋದು ಆ ದಿನಾನೇ ಚೆನ್ನಾಗಿ ಕಾಣ್ತಿತ್ತು. ಕ್ಯಾಲೆಂಡರ್ ಮುಟ್ಟೋ ಹಾಗಿಲ್ಲ, ಗೋಡೆ ಮುಟ್ಟಬಹುದಲ್ಲ? ಚುಕ್ಕೆ ಲೆಕ್ಕದಲ್ಲೇ ಇದ್ದಿಲಲ್ಲಿ ಗೀಟು ಎಳೀತಿದ್ದೆ. ದೀಪಾವಳಿಗೆ ಸುಣ್ಣ ಹೊಡೆದ್ರೆ ಹೋಯ್ತು, ಮತ್ತೆ ಹೊಸದು."

ಚೈತ್ರಾ ಗೋಡೆಗೆ ಅಂಟಿಕೊಂಡೇ ನಿಂತಳು. "ಅಜ್ಜಿ, ಒಂಚೂರು ಕೆರೆದು ನೋಡ್ಲಾ?"

"ನೋಡು ಮಗಳೇ. ಹೇಗೂ ಉದುರ್ತಾ ಇದೆ," ಎಂದು ದೋಸೆ ಸಟ್ಟುಗ ತಂದುಕೊಟ್ಟರು. ಚೈತ್ರಾ ಮೆತ್ತಗೆ ಮೀಟಿದಳು. ಒಂದರ ಮೇಲೊಂದು ಕೂತಿದ್ದ ಸುಣ್ಣದ ಪದರ ಅಂಗೈಯಗಲ ಚಕ್ಕೆಯಾಗಿ ಎದ್ದು ಬಂತು. ಅಡಿಯಲ್ಲಿ — ಇತ್ತು! ಕಪ್ಪಾಗಿ ಮೂರು ಗೀಟು. ಸ್ವಲ್ಪ ಬಿಟ್ಟು ಎರಡು. ಮತ್ತೆ ಮೂರು. ಚೈತ್ರಾ ಕಿರುಚಿಯೇಬಿಟ್ಟಳು. ನನ್ನ ಎದೆ ಹೊಡೆದುಕೊಂಡದ್ದು ಆ ಗ್ರಾಫಿನ ಸಂಜೆ ಹೊಡೆದುಕೊಂಡ ಹಾಗೆಯೇ.

"ಇದು ಯಾವ ವರ್ಷದ್ದು ಸರೋಜಕ್ಕ? ಯಾವ ತಿಂಗಳು?"

ಅವರು ಗೀಟಿನ ಮೇಲೆ ಬೆರಳಾಡಿಸಿದರು.

"ಅವತ್ತೇ ಬಂದು ನೋಡಿದ್ರೆ ಹೇಳ್ತಿದ್ದೆ ಮಿಸ್ಸೇ."

ಜರ್ನಲ್ಲಿಗೂ ಯೂನಿವರ್ಸಿಟಿಗೂ ಪತ್ರ ಹಾಕಿದ್ದೇನೆ. ಚೈತ್ರಾಳ ಪೇಪರ್ ತಡವಾಗುತ್ತದೆ. ಬಂದಾಗ ಅದರಲ್ಲಿ ಸರೋಜಕ್ಕನ ಹೆಸರು ಮೊದಲಿರುತ್ತದೆ, ನನ್ನದು ಇರುವುದಿಲ್ಲ. ಥೀಸಿಸ್ಸಿನ ಹಳೆಯ ಪಟ್ಟಿಯನ್ನು ನನ್ನ ಕೈಯಲ್ಲೇ ತಿದ್ದಿ ಪತ್ರದ ಜೊತೆ ಇಟ್ಟೆ. ಮಸಿಯಿಲ್ಲ ಎಂದು ಸೊನ್ನೆ ಬರೆದಿದ್ದ ದಿನಗಳನ್ನೆಲ್ಲ ಒಂದೊಂದಾಗಿ ಹೊಡೆದು, ಪ್ರತಿಯೊಂದರ ಮುಂದೆಯೂ ಬರೆದೆ: ಗೊತ್ತಿಲ್ಲ — ಸಂಶೋಧಕಿ ಕೇಳಲಿಲ್ಲ.